ಹನ್ನಮ್ಮ ಆಣೆ ಮಾಡಲಿಲ್ಲ

ಹೋದ ತಿಂಗಳು ಶಿಕ್ಷಕರ ತರಬೇತಿಯೊಂದಕ್ಕೆ ಶಿಕಾರಿಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಕೊಟ್ಟ ಪಲಾವು ನುಂಗಲಾರದೆ, ಕಾಲಾಡಿಸಿಕೊಂಡು ಬರೋಣವೆಂದು ಎಪಿಎಂಸಿ ಕಡೆ ಹೊರಟೆ. ಅಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳದ ರಾಶಿ. ಯಂತ್ರಕ್ಕೆ ಹಾಕಿ ಆಗಷ್ಟೇ ಬಿಡಿಸಿದ ಜೋಳಕ್ಕೆ ಒಂದು ವಾಸನೆ ಇರುತ್ತದೆ. ಅರ್ಧ ಸಿಹಿ, ಅರ್ಧ ಧೂಳು, ಜೊತೆಗೆ ಹಸಿ ಚೀಲದ ಮುಗ್ಗಲು. ಅದು ಮೂಗಿಗೆ ಬಡಿದದ್ದೇ ತಡ, ತರಬೇತಿ ಮರೆತುಹೋಯಿತು. ಆನವಟ್ಟಿ ಹತ್ತಿರದ ಹಳ್ಳಿಯಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದ ವರ್ಷ, ಪಂಚಾಯ್ತಿ ಚುನಾವಣೆ ನಡೆದ ಆ ಚಳಿಗಾಲ, ಹನ್ನಮ್ಮ, ಎಲ್ಲ ನೆನಪಾಯಿತು. ತರಬೇತಿಯ ಸಾಹೇಬರು ಎರಡು ಗಂಟೆಗೆ ಹಾಜರಿ ತೆಗೆದುಕೊಂಡಾಗ ನಾನು ಇನ್ನೂ ಆ ಜೋಳದ ರಾಶಿಯ ಪಕ್ಕದಲ್ಲೇ ನಿಂತಿದ್ದೆ.

ಆ ಹಳ್ಳಿಯಲ್ಲಿ ನಮ್ಮ ಕ್ರೈಸ್ತರದು ಆರೇ ಮನೆ. ಚರ್ಚ್ ಇರಲಿಲ್ಲ. ತಿಂಗಳಿಗೊಮ್ಮೆ ಶಿಕಾರಿಪುರದಿಂದ ಪಾಸ್ಟರ್ ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳ ಸಂಜೆ ಬೈಬಲ್ ಅಧ್ಯಯನ ನಡೆಸುವ ಭಾರ ನನ್ನ ತಲೆಗೆ ಬಂತು, ಓದಿದವನು, ಭದ್ರಾವತಿಯ ದೊಡ್ಡ ಸಭೆಯಿಂದ ಬಂದವನು ಎಂಬ ಕಾರಣಕ್ಕೆ. ಭಾರ ಎಂದದ್ದು ಸುಳ್ಳು. ನನಗೆ ಅದು ಬಲು ಖುಷಿಯ ಕೆಲಸವಾಗಿತ್ತು. ಬೈಬಲಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಟಿಪ್ಪಣಿ ಮಾಡಿಕೊಂಡು, ಎದುರಿಗೆ ಕೂತ ಹನ್ನೆರಡು ಹದಿಮೂರು ಜನ ತಲೆ ಅಲ್ಲಾಡಿಸುವುದನ್ನು ನೋಡುತ್ತಾ ಮಾತಾಡುವ ಸುಖ ಕಡಿಮೆಯದಲ್ಲ.

ಅಧ್ಯಯನ ನಡೆಯುತ್ತಿದ್ದುದು ಹನ್ನಮ್ಮನವರ ಮನೆಯಲ್ಲಿ. ಅವರ ಗಂಡ ಯೋಹಾನಪ್ಪ ಎದೆರೋಗದಿಂದ ಮಲಗಿಬಿಟ್ಟಿದ್ದರು. ಅವರು ಬರಲಾಗುವುದಿಲ್ಲವಾದ್ದರಿಂದ ನಾವೇ ಅವರ ಮಂಚದ ಸುತ್ತ ಕೂರುತ್ತಿದ್ದೆವು. ಹನ್ನಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಅಕ್ಷರ ಬಾರದು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಬೆಳೆದವರು. ಒಮ್ಮೆ ನಾನು ಕಳೆದುಹೋದ ಕುರಿಯ ಕಥೆಯನ್ನು ವಿವರಿಸುತ್ತಿದ್ದೆ. ನೂರರಲ್ಲಿ ಒಂದು ಹೋದರೆ ಎಷ್ಟು, ತೊಂಬತ್ತೊಂಬತ್ತರ ಎದುರಿಗೆ ಒಂದರ ಬೆಲೆ ಎಷ್ಟು ಎಂದು ಶೇಕಡಾ ಲೆಕ್ಕಕ್ಕೇ ಇಳಿದಿದ್ದೆ. ಮೂಲೆಯಲ್ಲಿ ಗಂಡನ ಕಾಲು ಒತ್ತುತ್ತಿದ್ದ ಹನ್ನಮ್ಮ, "ಮೇಷ್ಟ್ರೇ, ನೀವು ಕುರಿ ಕಾದೋರಲ್ಲ" ಎಂದರು. "ಒಂದು ಕಮ್ಮಿ ಆತು ಅಂತ ಎಣಿಸಿ ಗೊತ್ತು ಮಾಡದಲ್ಲ ಅದು. ಆ ಒಂದರ ಮಕ ಕಾಣ್ಲಿಲ್ಲ ಅಂತ ಹುಡುಕ್ಕಂಡು ಹೋಗದು." ಎಲ್ಲರೂ ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ ತೆಗೆದು ಅದನ್ನೇ ಅಂಚಿನಲ್ಲಿ ಬರೆದುಕೊಂಡೆ, ನನ್ನದೇ ಮಾತು ಎನ್ನುವ ಹಾಗೆ.

ನಮ್ಮವರಿಗೆ ಆ ಊರಿನಲ್ಲಿ ಮಣ್ಣು ಮಾಡುವ ಜಾಗ ಇರಲಿಲ್ಲ. ಯಾರಾದರೂ ತೀರಿಕೊಂಡರೆ ಟೆಂಪೊ ಮಾಡಿಕೊಂಡು ಶಿಕಾರಿಪುರಕ್ಕೆ ಒಯ್ಯಬೇಕಿತ್ತು. ಯೋಹಾನಪ್ಪನಿಗೆ ಡಾಕ್ಟರು ಹೆಚ್ಚು ದಿನ ಹೇಳಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅವರ ಒಂದೇ ಆಸೆಯನ್ನು ನನಗೆ ಹೇಳಿದ್ದರು: "ನನ್ನ ಇಲ್ಲೇ ಎಲ್ಲಾದ್ರೂ ಇಡಾಕೆ ನೋಡ್ರಿ ಮೇಷ್ಟ್ರೇ. ಶಿಕಾರಿಪುರಕ್ಕೆ ಒಯ್ದ್ರೆ ಹನ್ನಿ ಒಂದು ದಿನಾನೂ ನೋಡಾಕೆ ಬರಾದಿಲ್ಲ. ಬಸ್ಸು ಹತ್ತಿದ್ರೆ ಅವಳಿಗೆ ವಾಂತಿ." ಹೆಂಡತಿಗೆ ಬಸ್ಸು ಆಗಿಬರುವುದಿಲ್ಲವೆಂದು ತನ್ನ ಸಮಾಧಿಯ ಜಾಗದ ಬಗ್ಗೆ ಯೋಚಿಸುವ ಗಂಡನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ವರ್ಷ ಮೆಕ್ಕೆಜೋಳ ಚೆನ್ನಾಗಿ ಬಂದಿತ್ತು. ಡಿಸೆಂಬರಿನಲ್ಲಿ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿಗೆ ಪರಮೇಶಪ್ಪ ನಿಂತರು. ಊರಿನವರೆಲ್ಲ ಗೌಡ್ರು ಎಂದು ಕರೆಯುವ, ಲಿಂಗ ಕಟ್ಟಿದ, ಮೆಕ್ಕೆಜೋಳದ ವ್ಯಾಪಾರ ಮಾಡುವ ದೊಡ್ಡ ಕುಳ. ಕೆಟ್ಟವರಲ್ಲ. ಯೋಹಾನಪ್ಪನಿಗೆ ಉಸಿರು ಸಿಕ್ಕಿಕೊಂಡಾಗ ತಮ್ಮ ಪಿಕಪ್ಪಿನಲ್ಲಿ ಆನವಟ್ಟಿ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದವರು ಅವರು. ಅವರ ಎದುರಾಳಿ ಒಬ್ಬ ಹೊಲಿಗೆ ಅಂಗಡಿಯವನು, ಮಾತು ಬಾರದ ಸಂಕೋಚದ ಮನುಷ್ಯ. ಪರಮೇಶಪ್ಪ ನಮ್ಮ ಆರು ಮನೆಗಳಿಗೂ ಬಂದು, ಗೆದ್ದರೆ ಪಂಚಾಯ್ತಿಯಿಂದ ನಿಮ್ಮವರಿಗೆ ಮಣ್ಣು ಮಾಡಲು ಎರಡು ಗುಂಟೆ ಮಂಜೂರು ಮಾಡಿಸುತ್ತೇನೆ ಎಂದರು. ಮನಸ್ಸಿನಿಂದಲೇ ಹೇಳಿದ ಮಾತು. ಅವರಿಗೇ ಹಾಕುವುದೆಂದು ಎಲ್ಲರೂ ನಿಶ್ಚಯ ಮಾಡಿಕೊಂಡರು. ಹನ್ನಮ್ಮನೂ ಅವರಿಗೇ ಎಂದಿದ್ದರು.

ಮತದಾನಕ್ಕೆ ಮೂರು ದಿನ ಇರುವಾಗ ಪರಮೇಶಪ್ಪ ನನ್ನ ಬಾಡಿಗೆ ಮನೆಗೆ ಬಂದರು. ಅವರ ಕಡೆಯವರು ಆಣೆ ಮಾಡಿಸುವ ಏರ್ಪಾಡು ಮಾಡಿದ್ದರು. ನಮ್ಮ ಕಡೆ ಇದೇನು ಹೊಸದಲ್ಲ. ದೇವರ ಫೋಟೊ ಮುಟ್ಟಿಸಿ ಇಂಥವರಿಗೇ ವೋಟು ಎಂದು ಮಾತು ತೆಗೆದುಕೊಳ್ಳುವುದು ಉಂಟು. ಪರಮೇಶಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈ ಜೋಡಿಸಿ, "ಮೇಷ್ಟ್ರೇ, ನಿಮ್ಮ ಗ್ರಂಥ ಒಂದಿನದ ಮಟ್ಟಿಗೆ ಕೊಡ್ರಿ. ನಿಮ್ಮೋರಿಗೆ ನಮ್ಮ ದೇವ್ರು ಮುಟ್ರಿ ಅನ್ನದು ನ್ಯಾಯ ಅಲ್ಲ. ಅವರವರ ದೇವ್ರು ಅವರವರಿಗೆ" ಎಂದರು.

ಅವರ ಆ ನ್ಯಾಯಕ್ಕೆ ನನ್ನ ಮನಸ್ಸು ಕರಗಿತು. ಊರಿನ ದೊಡ್ಡ ಮನುಷ್ಯರೊಬ್ಬರು ನಮ್ಮ ಗ್ರಂಥಕ್ಕೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ಉಬ್ಬಿಹೋದೆ. ಬಿಳಿ ಟವೆಲಿನಲ್ಲಿ ಸುತ್ತಿ ಕೊಟ್ಟೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಯಾಕೆಂದರೆ ಎರಡೇ ವಾರದ ಹಿಂದೆ ಅದೇ ಬೈಬಲಿನಿಂದ, ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಎಂದು ಯೇಸು ಹೇಳಿದ ಭಾಗವನ್ನು ನಾನೇ ಮುಕ್ಕಾಲು ಗಂಟೆ ವಿವರಿಸಿದ್ದೆ. ಟಿಪ್ಪಣಿ ಇತ್ತು, ಅಡಿಗೆರೆ ಇತ್ತು. ಟವೆಲು ಸುತ್ತುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಪರಮೇಶಪ್ಪನವರ ಜೋಳದ ಕಣದಲ್ಲಿ ಜನ ಸೇರಿದರು. ಎರಡೂ ಕಡೆ ಎದೆಮಟ್ಟ ರಾಶಿ, ನಡುವೆ ಒಂದು ಮೇಜು. ಅದರ ಮೇಲೆ ದೇವರ ಫೋಟೊ, ಪಕ್ಕದಲ್ಲಿ ನನ್ನ ಬೈಬಲ್. ಅದರ ಕಪ್ಪು ರಟ್ಟಿಗೆ ಯಾರೋ ಕುಂಕುಮ ಇಟ್ಟಿದ್ದರು, ಮೇಲೊಂದು ಚೆಂಡುಹೂವು, ಎದುರಿಗೆ ಊದುಬತ್ತಿ. ಒಬ್ಬೊಬ್ಬರೇ ಬಂದು ಕೈ ಇಟ್ಟು ಹೇಳಿ ಹೋಗುತ್ತಿದ್ದರು. ಹೆಸರು ಬರೆದುಕೊಳ್ಳಲು ಒಬ್ಬ ಕೂತಿದ್ದ. ಅಲ್ಲೇ ಜೋಳ ತೂರುವ ಕೂಲಿಗೆ ಬರುವ ಒಬ್ಬಳು ಹುಡುಗಿ, ಮೊದಲ ಬಾಣಂತನ ಮುಗಿಸಿದವಳು, ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಅವಳ ಅತ್ತೆಮನೆಯವರು ಹೊಲಿಗೆ ಅಂಗಡಿಯವನ ಕಡೆ ಎಂದು ಅನುಮಾನ ಇತ್ತೋ ಏನೋ, ಬರೆದುಕೊಳ್ಳುತ್ತಿದ್ದವನು "ಫೋಟೊ ಮುಟ್ಟಿದ್ರೆ ಸಾಲ್ದು ಕಣವ್ವ, ಕೂಸಿನ ತಲೆ ಮುಟ್ಟು" ಎಂದ. ಅವಳು ಅಳುತ್ತಾ ಮುಟ್ಟಿದಳು. ಪರಮೇಶಪ್ಪ ಆಚೆ ಯಾರೊಂದಿಗೋ ಮಾತಾಡುತ್ತಿದ್ದರು. ನೋಡಿದರೋ ಇಲ್ಲವೋ ಹೇಳಲಾರೆ. ನಾನು ನೋಡಿದೆ. ನೋಡಿಯೂ ಬೈಬಲ್ ಪಕ್ಕದಲ್ಲಿ ಅರ್ಚಕನ ಹಾಗೆ ನಿಂತೇ ಇದ್ದೆ.

ಅವಳ ಹಿಂದೆಯೇ ಹನ್ನಮ್ಮ ಇದ್ದರು. ಮೇಜಿನ ಹತ್ತಿರ ಬಂದು ಬೈಬಲನ್ನೂ ಕುಂಕುಮವನ್ನೂ ನೋಡಿದರು. ಅವರಿಗೆ ಕುಂಕುಮದಿಂದ ಬೇಜಾರಾಗಬಹುದೆಂದು ನನಗೆ ಅಳುಕು. ಅವರು ಹೂವನ್ನು ಮೆಲ್ಲಗೆ ಸರಿಸಿ, "ಮರ್ಯಾದೆಗೆ ಇಟ್ಟಿದಾರೆ, ಇರ್ಲಿ" ಎಂದರು. ಕೈ ಮಾತ್ರ ಇಡಲಿಲ್ಲ.

"ಕೈ ಇಡು ಹನ್ನಮ್ಮ, ನಿಮ್ಮದೇ ದೇವ್ರು" ಎಂದ ಬರೆದುಕೊಳ್ಳುವವನು.

"ನಮ್ಮ ದೇವ್ರೇ ಬ್ಯಾಡ ಅಂದಾನೆ. ಮೊನ್ನೆ ಮೇಷ್ಟ್ರೇ ಓದಿ ಹೇಳಿದ್ರು."

ಕಣದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಪರಮೇಶಪ್ಪನೂ ಬಂದರು. ನಾನು ಗಂಟಲು ಸರಿಮಾಡಿಕೊಂಡು, "ಅದು ಹಾಗಲ್ಲ ಹನ್ನಮ್ಮ, ನೀವು ಅವರಿಗೇ ತಾನೆ ಹಾಕೋದು? ಹಾಕುವುದನ್ನೇ ಹೇಳಿದರೆ ತಪ್ಪೇನು?" ಎಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ತಪ್ಪು ಲೆಕ್ಕ ಮಾಡಿದ ಮಗುವನ್ನು ನಾನು ನೋಡುವ ಹಾಗಿತ್ತು. "ನಿನ್ನೆ ಮಟ್ಟ ಅವರಿಗೇ ಅಂತ ಇದ್ದೆ ಮೇಷ್ಟ್ರೇ. ಈಗ ಇನ್ನೊಂದು ಸಲ ಯೋಚನೆ ಮಾಡ್ಬೇಕು" ಎಂದು ಪರಮೇಶಪ್ಪನವರಿಗೆ ಕೈ ಮುಗಿದು ಹೊರಟುಹೋದರು. ಶಾಲೆಗೆ ಹೊತ್ತಾಗಿತ್ತು, ಅನ್ನಕ್ಕೆ ಇಡಬೇಕಿತ್ತು. ಉಳಿದ ನಮ್ಮವರಲ್ಲಿ ಕೆಲವರು ಕೈ ಇಟ್ಟರು, ಕೆಲವರು ಅವರ ಹಿಂದೆಯೇ ಜಾರಿಕೊಂಡರು.

ಮತದಾನದ ದಿನ ನನಗೆ ಬೇರೆ ಊರಿನ ಬೂತಿನಲ್ಲಿ ಡ್ಯೂಟಿ. ಮುಂದಿನ ಭಾನುವಾರ ಅಧ್ಯಯನಕ್ಕೆ ಎಲ್ಲರಿಗಿಂತ ಮೊದಲೇ ಹೋದೆ. ನಾನು ಕೇಳುವ ಮೊದಲೇ ಹನ್ನಮ್ಮ, "ಗೌಡ್ರಿಗೆ ಹಾಕ್ಲಿಲ್ಲ" ಎಂದರು, ಸೊಪ್ಪು ಸೋಸುತ್ತಾ. "ಆ ಕೂಸಿನ ತಲೆ ಮುಟ್ಟಿಸಿದ್ರಲ್ಲ, ಅದು ಕಣ್ಣಿಗೆ ಕಟ್ತು. ಒಂದು ವೋಟಿಗೆ ಕೂಸನ್ನ ಒತ್ತೆ ಇಡಿಸ್ಕಳೋ ಜಾಗದಾಗೆ ನನ್ನ ವೋಟು ಬ್ಯಾಡ ಅನಿಸ್ತು. ಇಡೀ ರಾತ್ರಿ ಪ್ರಾರ್ಥನೆ ಮಾಡ್ದೆ. ಟೈಲರಿಗೆ ಹಾಕ್ದೆ."

"ಮತ್ತೆ ಎರಡು ಗುಂಟೆ?" ಎಂದೆ. ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂತು. "ಯೋಹಾನಪ್ಪನ ಆಸೆ?"

ಅವರ ಕೈ ನಿಂತಿತು. ಉತ್ತರ ಕೊಟ್ಟದ್ದು ಮಂಚದ ಮೇಲಿದ್ದ ಯೋಹಾನಪ್ಪ. ಅವರಿಗೆ ಆಗ ಒಂದು ಮಾತಿಗೆ ಎರಡು ಉಸಿರು ಬೇಕಾಗುತ್ತಿತ್ತು. "ನಂಗೆ ಕೇಳೇ ಹಾಕಿದಾಳೆ ಮೇಷ್ಟ್ರೇ. ಶಿಕಾರಿಪುರನೇ ಆಗ್ಲಿ ಬಿಡ್ರಿ." ಆಮೇಲೆ ಹೆಂಡತಿಯ ಕಡೆ ತಿರುಗಿ ನಕ್ಕರು. "ಬಸ್ಸು ಹತ್ತೋವಾಗ ಒಂದು ನಿಂಬೆಹಣ್ಣು ಇಟ್ಕಂಡು ಬಾ. ಮೂಸ್ಕಂತ ಬಂದ್ರೆ ವಾಂತಿ ಬರಾದಿಲ್ಲ."

ನನ್ನ ಬೈಬಲ್ ಇನ್ನೂ ಗೌಡ್ರ ಮನೆಯಲ್ಲೇ ಇತ್ತು. ಅವತ್ತು ನಾನು ಯೋಹಾನಪ್ಪನ ಬೈಬಲಿನಲ್ಲಿ ಯಾವ ಅಧ್ಯಾಯ ತೆಗೆದೆ, ಏನು ವಿವರಿಸಿದೆ, ಒಂದೂ ನೆನಪಿಲ್ಲ. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದದ್ದನ್ನು ಈ ಇಬ್ಬರು ಸೊಪ್ಪು ಸೋಸುತ್ತಾ, ಉಸಿರಿಗೆ ತಡಕಾಡುತ್ತಾ ಬದುಕಿಬಿಟ್ಟಿದ್ದರು. ಬೆರಗು ಎಂಬ ಮಾತನ್ನು ಅದಕ್ಕೆ ಮೊದಲು ಎಷ್ಟೋ ಸಲ ಬಳಸಿದ್ದೆ. ಅದರ ಅರ್ಥ ತಿಳಿದದ್ದು ಆ ಸಂಜೆ. ಅದರ ಜೊತೆಗೆ ಸ್ವಲ್ಪ ಭಯವೂ ಆಯಿತು, ಇಂಥವರಿಗೆ ನಾನು ಪಾಠ ಹೇಳುತ್ತಿದ್ದೇನಲ್ಲ ಎಂದು.

ಪರಮೇಶಪ್ಪ ಸೋತರು. ಆಣೆ ಮಾಡಿದವರ ಪಟ್ಟಿಯಲ್ಲಿ ಮುನ್ನೂರು ಚಿಲ್ಲರೆ ಹೆಸರಿತ್ತು, ಬಿದ್ದ ವೋಟು ಇನ್ನೂರರ ಆಸುಪಾಸು. ಕೆಲವು ದಿನ ಅವರು ಮನೆಯಿಂದ ಹೊರಗೆ ಬರಲಿಲ್ಲ. ಒಂದು ಮಧ್ಯಾಹ್ನ ನನ್ನ ಬೈಬಲನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಶಾಲೆಗೆ ಬಂದು ಜಗಲಿಯ ಮೇಲೆ ಕೂತರು. ಮುಖ ಇಳಿದಿತ್ತು.

"ದೇವ್ರ ಮುಟ್ಟಿ ಹೇಳ್ದೋರು ನೂರು ಜನ ಕೈ ಕೊಟ್ರು ಮೇಷ್ಟ್ರೇ" ಎಂದರು. "ನಾನು ಯಾರ ಮಕಾನೂ ನೋಡಂಗಿಲ್ಲ, ಎಲ್ರೂ ಕಳ್ಳರಂಗೆ ಕಾಣ್ತಾರೆ. ಆ ಹನ್ನಮ್ಮ ಒಬ್ಳು ನೋಡ್ರಿ, ಮುಖದ ಎದುರಿಗೇ ಆಣೆ ಮಾಡಲ್ಲ ಅಂದ್ಳು. ಅಂಥೋಳು ಹಾಕಿರ್ತಾಳೆ. ನಿಯತ್ತಿನ ಹೆಣ್ಮಗಳು, ಹಾಕೇ ಇರ್ತಾಳೆ. ಅಲ್ಲೇನ್ರಿ?"

ಅಡುಗೆ ಕೋಣೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನನಗೆ ನಿಜ ಗೊತ್ತಿತ್ತು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಟವೆಲಿನ ಮಡಿಕೆ ಸರಿಮಾಡುತ್ತಾ ಕೂತೆ. ಸುಮ್ಮನಿರುವುದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗೌಡ್ರು ಹಾಗೆಂದುಕೊಂಡರೆ ಯೋಹಾನಪ್ಪನಿಗೆ ಒಂದು ದಾರಿಯಾದೀತು ಎಂದೂ ಹೇಳಿಕೊಂಡೆ. ಒಳ್ಳೆಯದಕ್ಕೇ ತಾನೆ.

ಜನವರಿಯ ಮೂರನೇ ವಾರ, ಒಂದು ಬೆಳಿಗ್ಗೆ ಯೋಹಾನಪ್ಪ ತೀರಿಕೊಂಡರು. ಹನ್ನಮ್ಮ ಕೊಟ್ಟ ಕಾಫಿ ಎರಡು ಗುಟುಕು ಕುಡಿದು, ಲೋಟ ವಾಪಸು ಕೊಟ್ಟು, ಗೋಡೆಗೆ ಒರಗಿದವರು ಹಾಗೇ ಹೋದರಂತೆ. ಆನವಟ್ಟಿಯಲ್ಲಿ ಪೆಟ್ಟಿಗೆ ಮಾಡಲು ಹೇಳಿ ನಾನು ಬರುವಷ್ಟರಲ್ಲಿ ಅಂಗಳ ತುಂಬ ಜನ. ಪಾಸ್ಟರ್ ಬಸ್ಸಿನಲ್ಲಿದ್ದರು. ಟೆಂಪೊ ಹೇಳಬೇಕು ಎಂದು ಮಾತಾಡುತ್ತಿರುವಾಗ ಪರಮೇಶಪ್ಪ ಬಂದರು. ಹಾರ ತಂದಿದ್ದರು. ಹಾಕಿ, ನನ್ನನ್ನು ಪಕ್ಕಕ್ಕೆ ಕರೆದರು.

"ಟೆಂಪೊ ಬ್ಯಾಡ. ನಂಗೆ ಪಂಚಾಯ್ತಿ ಜಾಗ ಕೊಡಿಸಾಕೆ ಆಗ್ಲಿಲ್ಲ, ನನ್ನ ಜಾಗ ಐತಲ್ಲ. ನಮ್ಮ ಹೊಲದ ಬದುವಿನ ಹತ್ರ, ನಮ್ಮ ಅಪ್ಪನ ಸಮಾಧಿ ಪಕ್ಕ ತೋರ್ಸಿ ಬಂದಿದೀನಿ. ಆಳು ತೋಡಾಕೆ ಹತ್ತಿದಾರೆ. ನಮ್ಮಲ್ಲೂ ಮಣ್ಣಿಗೇ ಕೊಡದು, ನಿಮ್ಮಲ್ಲೂ ಅಷ್ಟೇ. ಆ ಹೆಣ್ಮಗಳು ನನ್ನ ಕೈ ಬಿಡ್ಲಿಲ್ಲ, ನಾನು ಹೆಂಗೆ ಬಿಡ್ಲಿ?"

ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಕೊನೆಯ ಮಾತು ಮುಳ್ಳಿನಂತೆ ಚುಚ್ಚಿತು. ಒಳಗೆ ಹೋಗಿ ಹನ್ನಮ್ಮನಿಗೆ ವಿಷಯ ತಿಳಿಸಿದೆ. ತಿಳಿಸಿ, ಕಿವಿಯ ಹತ್ತಿರ ಬಗ್ಗಿ, "ನೀವು ಸುಳ್ಳು ಹೇಳಬೇಕಾಗಿಲ್ಲ. ಏನೂ ಹೇಳದೆ ಇದ್ದರೆ ಸಾಕು. ಇವತ್ತೊಂದು ದಿನ" ಎಂದೆ. ಅವರು ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಅತ್ತು ಅತ್ತು ಅವರ ಧ್ವನಿ ಒಡೆದಿತ್ತು. ಸೆರಗು ಹೊದ್ದುಕೊಂಡು ಎದ್ದು ಅಂಗಳಕ್ಕೆ ಬಂದರು.

"ಗೌಡ್ರೇ," ಎಂದರು, "ನಾನು ನಿಮಗೆ ವೋಟು ಹಾಕಿಲ್ಲ. ಹಾಕಿದೀನಿ ಅಂತ ನೀವು ಜಾಗ ಕೊಡ್ತಿದ್ರೆ ಬ್ಯಾಡ. ನಿಮಗೆ ತಿಳೀದಂಗೆ ಇವರನ್ನ ನಿಮ್ಮ ಮಣ್ಣಾಗೆ ಇಟ್ರೆ ನಂಗೆ ಅಲ್ಲಿ ಬಂದು ನಿಂತ್ಕಳಾಕೆ ಆಗಾದಿಲ್ಲ."

ಪರಮೇಶಪ್ಪನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಇಷ್ಟು ಜನರ ಎದುರಿಗೆ ಅವರು ಎರಡನೆಯ ಸಲ ಸೋತ ಹಾಗಾಯಿತು. ಬೈಕ್ ಹತ್ತಿ ಹೊರಟುಹೋದರು. ಹನ್ನಮ್ಮ ಒಳಗೆ ಹೋಗಿ ಗಂಡನ ತಲೆಯ ಹತ್ತಿರ ಕೂತರು. ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಬಂದದ್ದು ಸಿಟ್ಟು. ಇನ್ನು ಎರಡೇ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದು ಹಲ್ಲು ಕಡಿದೆ. ಟೆಂಪೊದವನಿಗೆ ಫೋನ್ ಮಾಡಿ ಹನ್ನೆರಡಕ್ಕೆ ಬರಲು ಹೇಳಿದೆ. ಹೇಳಿದ ಮೇಲೂ ಮನಸ್ಸು ತಡೆಯಲಿಲ್ಲ. ಕೊನೆಗೊಮ್ಮೆ ಗೌಡ್ರ ಕೈಕಾಲು ಹಿಡಿದು ನೋಡೋಣವೆಂದು ಹೊಲದ ಕಡೆ ನಡೆದೆ.

ಗುಂಡಿ ಮುಚ್ಚಿರುತ್ತಾರೆ ಎಂದೇ ಅಂದುಕೊಂಡಿದ್ದೆ. ಬದುವಿನ ಮೇಲೆ ಇಬ್ಬರು ಆಳುಗಳು ಬೀಡಿ ಸೇದುತ್ತಾ ನಿಂತಿದ್ದರು. ಪರಮೇಶಪ್ಪ ಗುಂಡಿಯ ಒಳಗಿದ್ದರು. ಬಿಳಿ ಅಂಗಿ ಬಿಚ್ಚಿ ಬದುವಿನ ಮೇಲಿಟ್ಟು, ಬನಿಯನ್ನಿನಲ್ಲಿ, ಎದೆಯ ಲಿಂಗವನ್ನು ಹೆಗಲ ಹಿಂದಕ್ಕೆ ಹಾಕಿಕೊಂಡು ಹಾರೆ ಹಿಡಿದಿದ್ದರು. ಗುಂಡಿ ಚೌಕವಾಗಿತ್ತು, ಬಹಳ ಆಳವಾಗಿತ್ತು. ಲಿಂಗ ಕಟ್ಟಿದವರಲ್ಲಿ ಕೂರಿಸಿ ಮಣ್ಣು ಮಾಡುವುದು ರೂಢಿ. ಆಳುಗಳು ತಮಗೆ ಗೊತ್ತಿದ್ದ ಹಾಗೆ, ಅಂದವಾಗಿ, ಕೂರಿಸುವ ಗುಂಡಿಯನ್ನೇ ತೋಡಿಬಿಟ್ಟಿದ್ದರು.

"ನಿಮ್ಮಲ್ಲಿ ಮಲಗಿಸ್ತಾರಂತಲ್ರೀ ಮೇಷ್ಟ್ರೇ!" ಎಂದರು ತಲೆ ಎತ್ತಿ, ಬೆವರು ಒರೆಸಿ ಒಬ್ಬ ಆಳಿನ ಕಡೆ ಕೈ ತೋರಿಸುತ್ತಾ. "ಇವ್ನು ಆನವಟ್ಟಿಯಾಗೆ ಪೆಟ್ಟಿಗೆ ನೋಡಿ ಬಂದು ಈಗ ಹೇಳ್ತಾನೆ. ನೀವು ಮೊದ್ಲೇ ಹೇಳದಲ್ವಾ?"

ಅವರು ಹಾರೆಯನ್ನು ಮಣ್ಣಿಗೆ ಊರಿ ನಿಂತರು. "ವೋಟು ಹಾಕಿದಾಳೆ ಅಂತ ತಿಳ್ಕಂಡೇ ಇಷ್ಟು ತೋಡ್ಸಿದ್ದು. ಸುಳ್ಳು ಯಾಕೆ ಹೇಳ್ಲಿ" ಎಂದು ಚೌಕದ ಅಂಚನ್ನು ತೋರಿಸಿದರು. "ಇಲ್ಲಿಂದಾಚೆ ಕಡಿಯಾದು ಅದಕ್ಕಲ್ಲ. ಎಷ್ಟುದ್ದ ಬೇಕು ಹೇಳ್ರಿ."

ಹೇಳಬೇಕಾದದ್ದು ಉದ್ದವಲ್ಲ ಎಂದು ನನಗೆ ಗೊತ್ತಿತ್ತು. "ಗೌಡ್ರೇ, ಹನ್ನಮ್ಮ ಹಾಕಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದೆ. "ಅವತ್ತು ನೀವು ಶಾಲೆ ಜಗಲಿ ಮೇಲೆ ಕೇಳಿದಾಗಲೂ ಗೊತ್ತಿತ್ತು. ಸುಮ್ಮನಿದ್ದುಬಿಟ್ಟೆ."

ಆಳುಗಳು ಬೀಡಿ ಬಿಸಾಕಿದರು. ಪರಮೇಶಪ್ಪ ಗುಂಡಿಯೊಳಗಿಂದ ತಲೆ ಎತ್ತಿ ನನ್ನನ್ನು ನೋಡಿದರು.

"ಗೊತ್ತಿತ್ತಾ" ಎಂದರು. ಆಮೇಲೆ ಬಗ್ಗಿ, ಕೆಳಗೆ ಬಿದ್ದಿದ್ದ ಗುದ್ದಲಿಯನ್ನು ಎತ್ತಿ ನನ್ನ ಕಡೆ ಚಾಚಿದರು. "ಹಂಗಾರೆ ಇಳೀರಿ. ತಲೆ ಕಡೆ ನೀವು ಕಡೀರಿ."

ನಾನು ಚಪ್ಪಲಿ ಬಿಟ್ಟು ಇಳಿದೆ.